ಅನಿಮೆ, ಮಾಂಗಾ ಓದು-ನೋಟಕ್ಕೆ ಹೊಸಬಳು: ಎಲ್ಲಿಂದ ಆರಂಭಿಸಲಿ?

ಶಿವಮೊಗ್ಗದ ಓದುಗಿ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕಿ. ಕಥೆ, ಕಾದಂಬರಿಗಳ ಓದು ಚಿಕ್ಕಂದಿನಿಂದ ಬಂದದ್ದು. ಆದರೆ ಜಪಾನಿನ ಅನಿಮೇಷನ್ ಆದ ಅನಿಮೆಯಾಗಲಿ, ಚಿತ್ರಗಳಲ್ಲಿ ಕಥೆ ಹೇಳುವ ಪುಸ್ತಕವಾದ ಮಾಂಗಾ ಆಗಲಿ ನನಗೆ ಪೂರ್ತಿ ಅಪರಿಚಿತ. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗ ಎರಡು ವರ್ಷಗಳಿಂದ ‘ಒನ್ ಪೀಸ್’ ಎಂಬ ಮಾಂಗಾ ಓದುತ್ತಿದ್ದಾನೆ. ಮೊದಮೊದಲು ಊಟಕ್ಕೆ ಕುಳಿತಾಗಲೆಲ್ಲ ಅದರ ಕಥೆಯನ್ನು ನನಗೆ ಹೇಳುತ್ತಿದ್ದ. ನಾನು ಉತ್ತರಪತ್ರಿಕೆಗಳನ್ನು ತಿದ್ದುತ್ತ ಹೂಂಗುಟ್ಟುತ್ತಿದ್ದೆ. ಈಗ ಕೆಲವು ತಿಂಗಳಿಂದ ಅವನು ಹೇಳುವುದನ್ನೇ ನಿಲ್ಲಿಸಿದ್ದಾನೆ, ಅದು ನನ್ನನ್ನು ಕಾಡುತ್ತಿದೆ.

ಅವನು ಏನು ಓದುತ್ತಿದ್ದಾನೆಂದು ಪತ್ತೆ ಮಾಡುವುದು ನನ್ನ ಉದ್ದೇಶವಲ್ಲ. ಅಷ್ಟು ಆಸ್ಥೆಯಿಂದ ಓದಿಸಿಕೊಳ್ಳುವ ಒಂದು ಸಾಹಿತ್ಯ ಪ್ರಕಾರವಿದ್ದರೆ ಅದನ್ನು ನಾನೂ ಓದಬಲ್ಲವಳಾಗಬೇಕೆಂಬ ಆಸೆ. ಆದರೆ ಅವನ ಕಪಾಟಿನಿಂದ ಒಂದು ಪುಸ್ತಕ ತೆಗೆದರೆ ಅದು ಹಿಂದುಮುಂದಾಗಿತ್ತು. ಸಂಪುಟಗಳ ಸಂಖ್ಯೆ ನೂರು ದಾಟಿದೆ ಎಂದು ತಿಳಿದಾಗ ಧೈರ್ಯ ಉಡುಗಿತು. ಸಹೋದ್ಯೋಗಿಗಳನ್ನು ಕೇಳಿದರೆ, ಇದೆಲ್ಲ ಮಕ್ಕಳ ಕಾರ್ಟೂನು ಎಂದು ಒಬ್ಬರೂ, ಇದು ಮಕ್ಕಳು ನೋಡಬಾರದ್ದು ಎಂದು ಮತ್ತೊಬ್ಬರೂ ಹೇಳಿದರು. ಸಿನಿಮಾದಿಂದ ಆರಂಭಿಸಬೇಕೇ, ಧಾರಾವಾಹಿಯಿಂದಲೇ, ಪುಸ್ತಕದಿಂದಲೇ? ವಯಸ್ಸಿಗೆ ತಕ್ಕದ್ದು ಯಾವುದೆಂದು ತಿಳಿಯುವ ಬಗೆ ಹೇಗೆ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಮಂಗಳೂರಿನ ಪ್ರೇಕ್ಷಕ ಬರೆದ ಉತ್ತರ

ಮೇಡಂ, ಒಂದು ಸಂಜೆಯಲ್ಲಿ ಮುಗಿಯುವ ಸಿನಿಮಾದಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಹಯಾವೊ ಮಿಯಾಜಾಕಿಯವರು ನಿರ್ದೇಶಿಸಿದ, 1988ರಲ್ಲಿ ತೆರೆಕಂಡ ‘ಮೈ ನೇಬರ್ ಟೊಟೊರೊ’ ಒಂದೂವರೆ ಗಂಟೆಗಿಂತಲೂ ಚಿಕ್ಕದು. ತಾಯಿ ಆಸ್ಪತ್ರೆಯಲ್ಲಿದ್ದಾಳೆ, ತಂದೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹಳ್ಳಿಯ ಹಳೆಯ ಮನೆಯೊಂದಕ್ಕೆ ಬರುತ್ತಾನೆ, ಮನೆಯ ಪಕ್ಕದಲ್ಲಿ ದೊಡ್ಡದೊಂದು ಕರ್ಪೂರದ ಮರ, ಆ ಮರದಲ್ಲಿ ಕಾಡಿನ ಒಂದು ಜೀವ. ಖಳನಿಲ್ಲ, ಯುದ್ಧವಿಲ್ಲ. ತಂದೆಯೂ ಮಕ್ಕಳೂ ಆ ಮರದ ಮುಂದೆ ನಿಂತು ತಲೆಬಾಗಿ ವಂದಿಸುವ ದೃಶ್ಯವನ್ನು ಮೊದಲ ಸಲ ನೋಡಿದಾಗ, ನಾಗಬನದ ಮರಗಳಿಗೆ ಕತ್ತಿ ಹಚ್ಚದ ಊರಿನಲ್ಲಿ ಬೆಳೆದ ನನಗೆ ಯಾವ ವಿವರಣೆಯೂ ಬೇಕಾಗಲಿಲ್ಲ. ಮಳೆಯಲ್ಲಿ ಬಸ್ಸಿಗಾಗಿ ಕಾಯುವ ದೃಶ್ಯದಲ್ಲಿ ಎಷ್ಟೋ ಹೊತ್ತು ಏನೂ ನಡೆಯುವುದಿಲ್ಲ, ಕೊಡೆಯ ಮೇಲೆ ಹನಿ ಬೀಳುವ ಸದ್ದು ಮಾತ್ರ. ಮಲೆನಾಡಿನವರಾದ ನಿಮಗೆ ಆ ಮಳೆ ಗುರುತು ಸಿಕ್ಕೀತು.

ಇದನ್ನು ತಯಾರಿಸಿದ ಘಿಬ್ಲಿ ಸ್ಟುಡಿಯೋದ ಬಹುತೇಕ ಚಿತ್ರಗಳು ಭಾರತದಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಸಿಗುತ್ತವೆ. ಟೊಟೊರೊ ಇಷ್ಟವಾದರೆ ಮುಂದೆ ಆಸ್ಕರ್ ಪಡೆದ ‘ಸ್ಪಿರಿಟೆಡ್ ಅವೇ’ (2001) ನೋಡಿ. ಆದರೆ ಇಸಾವೊ ತಕಾಹಾತಾ ಅವರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಚಿತ್ರವನ್ನು ಮಾತ್ರ ಮೊದಲಿಗೆ ಎತ್ತಿಕೊಳ್ಳಬೇಡಿ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಕೋಬೆ ನಗರದ ಮೇಲೆ ಬಾಂಬುಗಳ ಮಳೆ ಸುರಿದ ಕಾಲದ ಅಣ್ಣ-ತಂಗಿಯರ ಕಥೆ ಅದು. ಜಪಾನಿನಲ್ಲಿ 1988ರ ಏಪ್ರಿಲ್‌ನಲ್ಲಿ ಇದನ್ನೂ ಟೊಟೊರೊವನ್ನೂ ಒಂದೇ ಟಿಕೆಟಿಗೆ ಜೋಡಿಯಾಗಿ ತೋರಿಸಿದ್ದರು. ಆ ಪ್ರೇಕ್ಷಕರು ಮನೆಗೆ ಹೇಗೆ ಹೋದರೋ ಎಂದು ನಾನು ಇಂದಿಗೂ ಯೋಚಿಸುವುದುಂಟು.

ಇನ್ನೊಂದು ಮಾತು. ಸಾಧ್ಯವಾದರೆ ಜಪಾನಿ ಧ್ವನಿಯಲ್ಲೇ ನೋಡಿ, ಇಂಗ್ಲಿಷ್ ಅಡಿಬರಹ ಇಟ್ಟುಕೊಳ್ಳಿ. ಅಪರಿಚಿತ ಹಿರಿಯಳನ್ನು ಅವರು ‘ಒಬಾಸಾನ್’ (ಚಿಕ್ಕಮ್ಮ, ಅತ್ತೆ) ಎಂದೂ, ಚಿಕ್ಕ ಹುಡುಗಿಯನ್ನು ಹೆಸರಿನ ಜೊತೆಗೆ ಅಕ್ಕರೆಯ ‘ಚಾನ್’ ಸೇರಿಸಿಯೂ ಕರೆಯುತ್ತಾರೆ. ಇಂಗ್ಲಿಷ್ ಅಡಿಬರಹದಲ್ಲಿ ಇದೆಲ್ಲ ಬರಿಯ ಹೆಸರಾಗಿಬಿಡುತ್ತದೆ. ದಾರಿಹೋಕರನ್ನೂ ಅಕ್ಕ, ಅಣ್ಣ, ಅಜ್ಜಿ ಎಂದು ಕರೆಯುವ ನಮ್ಮ ಕಿವಿಗಾದರೋ ಅದು ನೇರವಾಗಿ ಕೇಳಿಸುತ್ತದೆ. ಕನ್ನಡದಲ್ಲಿ ಡಬ್ ಆದದ್ದನ್ನು ಹುಡುಕುವ ಶ್ರಮ ಬೇಡ. ಹಿಂದಿ, ತಮಿಳು, ತೆಲುಗಿನಲ್ಲಿ ಈಗ ಬಹಳಷ್ಟು ಬರುತ್ತಿದ್ದರೂ ಕನ್ನಡದ ಪಾಲು ಇನ್ನೂ ತೀರ ಕಡಿಮೆ, ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಬೆಂಗಳೂರಿನ ಮಾಂಗಾ ಓದುಗ ಬರೆದ ಉತ್ತರ

ಮೇಲಿನವರು ಸೂಚಿಸಿದ ಚಿತ್ರಗಳ ಬಗ್ಗೆ ನನ್ನ ತಕರಾರಿಲ್ಲ, ಆದರೆ ಸಿನಿಮಾದಿಂದ ಆರಂಭಿಸಿ ಎಂಬುದನ್ನು ಒಪ್ಪಲಾರೆ. ಪ್ರಶ್ನೆ ಕೇಳಿದವರು ಓದುಗರು, ಅವರ ಮಗನೂ ಓದುಗನೇ. ಸಿನಿಮಾದಲ್ಲಿ ಕಾಲದ ಹಿಡಿತ ನಿರ್ದೇಶಕನ ಕೈಯಲ್ಲಿರುತ್ತದೆ, ಪುಸ್ತಕದಲ್ಲಿ ಅದು ನಿಮ್ಮ ಕೈಯಲ್ಲಿ. ಓದಿನ ಅಭ್ಯಾಸವಿರುವವರಿಗೆ ಮಾಂಗಾ ಹತ್ತಿರದ ದಾರಿ.

ಓದುವ ರೀತಿ ಸರಳ. ನಮ್ಮ ಪುಸ್ತಕದ ಹಿಂಬದಿ ಎಲ್ಲಿರುತ್ತದೋ ಅಲ್ಲಿಂದ ಶುರು. ಪುಟದ ಬಲ ಮೇಲ್ತುದಿಯ ಚೌಕದಿಂದ ಎಡಕ್ಕೆ, ಆಮೇಲೆ ಕೆಳಕ್ಕೆ; ಒಂದೇ ಚೌಕದಲ್ಲಿ ಇಬ್ಬರು ಮಾತನಾಡುತ್ತಿದ್ದರೆ ಬಲಗಡೆಯ ಮಾತನ್ನು ಮೊದಲು ಓದಬೇಕು. ಇಪ್ಪತ್ತು ಪುಟಗಳಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ಚೌಕಗಳ ನಡುವಿನ ಬಿಳಿ ಜಾಗ ಕಪ್ಪಾಗಿದ್ದರೆ ಸಾಮಾನ್ಯವಾಗಿ ಅದು ಹಿಂದೆ ನಡೆದ ಕಥೆ. ಹಣೆಯ ಬದಿಯಲ್ಲಿ ದೊಡ್ಡ ಬೆವರ ಹನಿ ಇದ್ದರೆ ಮುಜುಗರ, ಉಬ್ಬಿದ ನರದ ಗುರುತಿದ್ದರೆ ಸಿಟ್ಟು. ಯಕ್ಷಗಾನ ನೋಡಿ ಬಲ್ಲವರಿಗೆ ಮುಖವರ್ಣಿಕೆಯಿಂದಲೇ ಪಾತ್ರದ ಸ್ವಭಾವ ತಿಳಿಯುವಂತೆ, ನಾಲ್ಕಾರು ಸಂಪುಟ ಓದಿದವರಿಗೆ ಈ ಗುರುತುಗಳನ್ನು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ನೀವು ಕನ್ನಡ ಪಾಠ ಹೇಳುವವರಾದ್ದರಿಂದ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಮಾಂಗಾ ಪುಟಗಳಲ್ಲಿ ಚಿತ್ರದ ಭಾಗವೇ ಆಗಿ ಬರೆದಿರುವ ದೊಡ್ಡ ಅಕ್ಷರಗಳು ಅನುಕರಣಾವ್ಯಯಗಳು. ಮಳೆಗೆ, ಹೆಜ್ಜೆಗೆ, ಎದೆಬಡಿತಕ್ಕೆ ಮಾತ್ರವಲ್ಲ, ಸದ್ದೇ ಇಲ್ಲದಿರುವುದಕ್ಕೂ ಜಪಾನಿಯಲ್ಲಿ ‘ಶೀನ್’ ಎಂಬ ಪದವಿದೆ, ಅದನ್ನು ಚೌಕದಲ್ಲಿ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಸಮನಾದ ಪದವಿಲ್ಲದೆ ಅನುವಾದಕರು ‘ಸೈಲೆನ್ಸ್’ ಎಂದೇ ಬರೆದು ಮುಗಿಸುವುದುಂಟು. ಯಾರೂ ಇಲ್ಲದ ಮನೆ ‘ಬಿಕೋ’ ಎನ್ನುತ್ತದೆ, ಕತ್ತಲು ‘ಗವ್’ ಎನ್ನುತ್ತದೆ ಎಂದು ಹೇಳುವ ನಮ್ಮ ಭಾಷೆಗೆ ಆ ಕಷ್ಟವಿಲ್ಲ. ಮಾಂಗಾ ಕನ್ನಡಕ್ಕೆ ಎಷ್ಟು ಚೆನ್ನಾಗಿ ಒಗ್ಗೀತು ಎಂದು ನನಗೆ ಪ್ರತಿ ಸಲವೂ ಅನಿಸುವುದು ಇಂಥ ಪುಟಗಳ ಮುಂದೆ.

ಮೊದಲ ಪುಸ್ತಕವಾಗಿ ಒಸಾಮು ತೆಜುಕಾ ಅವರ ‘ಬುದ್ಧ’ವನ್ನು ಸೂಚಿಸುತ್ತೇನೆ. ವೈದ್ಯಶಿಕ್ಷಣ ಪಡೆದೂ ಮಾಂಗಾಕ್ಕೆ ಬದುಕನ್ನು ಮುಡಿಪಿಟ್ಟ ತೆಜುಕಾ, 1972ರಿಂದ 1983ರವರೆಗೆ ಇದನ್ನು ಬರೆದರು; ಇಂಗ್ಲಿಷ್ ಅನುವಾದ 8 ಸಂಪುಟಗಳಲ್ಲಿದೆ. ಕಪಿಲವಸ್ತು, ಕೋಸಲ, ಮಗಧಗಳು ನಮಗೆ ಗೊತ್ತಿರುವ ಹೆಸರುಗಳಾದ್ದರಿಂದ ಜಪಾನಿ ಹೆಸರುಗಳ ತೊಡಕೂ ಇಲ್ಲ. ಮೊದಲ ಸಂಪುಟದ ಬಹುಭಾಗದಲ್ಲಿ ಸಿದ್ಧಾರ್ಥನಿಲ್ಲ. ಶೂದ್ರ ಹುಡುಗ ಚಾಪ್ರ, ಅವನ ತಾಯಿ ಮತ್ತು ತತ್ತ ಎಂಬ ಅನಾಥ ಬಾಲಕ, ಹೀಗೆ ಲೇಖಕರೇ ಕಲ್ಪಿಸಿದ ಪಾತ್ರಗಳ ಮೂಲಕ, ಬುದ್ಧ ಯಾವ ಲೋಕದಲ್ಲಿ ಹುಟ್ಟಬೇಕಾಯಿತು ಎಂಬುದನ್ನು ಅವರು ಮೊದಲು ಕಟ್ಟುತ್ತಾರೆ. ಜಾತಿಯ ಕ್ರೌರ್ಯವನ್ನು ಎದುರಿಸುವ ಆ ತಾಯಿ-ಮಗನ ಭಾಗವನ್ನು ನಾನು ಮೂರು ಸಲ ಓದಿದ್ದೇನೆ. ಚರಿತ್ರೆಯ ನಿಷ್ಠೆಯನ್ನು ಇದರಲ್ಲಿ ಹುಡುಕಬಾರದು. ಗಂಭೀರ ಸನ್ನಿವೇಶದ ನಡುವೆ ಇಂದಿನ ಕಾಲದ ತಮಾಷೆಯೂ ನುಗ್ಗುತ್ತದೆ. ಹೆಂಗಸರ ಚಿತ್ರಣದಲ್ಲಿ ನಗ್ನತೆಯಿದೆ, ಹಿಂಸೆಯೂ ಇದೆ, ಮಗನ ಕೈಗೆ ಕೊಡುವ ಮೊದಲು ನೀವು ಓದಿ. ಬೆಂಗಳೂರಿಗೆ ಬಂದಾಗ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಮಾಂಗಾ ಕಪಾಟುಗಳನ್ನು ಒಮ್ಮೆ ನೋಡಿ.

ಹುಬ್ಬಳ್ಳಿಯ ಗ್ರಂಥಪಾಲಕಿ ಬರೆದ ಉತ್ತರ

ವಯಸ್ಸಿನ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ‘ಶೋನೆನ್’ ಎಂದರೆ ಹುಡುಗರ ಪತ್ರಿಕೆಯಲ್ಲಿ ಬಂದದ್ದು, ‘ಶೋಜೊ’ ಎಂದರೆ ಹುಡುಗಿಯರದು, ‘ಸೈನೆನ್’ ಮತ್ತು ‘ಜೋಸೆಯ್’ ಎಂದರೆ ವಯಸ್ಕ ಗಂಡಸರ ಹಾಗೂ ಹೆಂಗಸರ ಪತ್ರಿಕೆಗಳಲ್ಲಿ ಬಂದದ್ದು. ಇವು ಕಥೆ ಯಾವ ಓದುಗರಿಗಾಗಿ ಪ್ರಕಟವಾಯಿತು ಎಂದು ಹೇಳುತ್ತವೆಯೇ ಹೊರತು ಒಳಗೇನಿದೆ ಎಂದು ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಪುಟ್ಟ ಮಕ್ಕಳು ನೋಡುವ ‘ಶಿನ್‌ಚಾನ್’ 1990ರಲ್ಲಿ ಆರಂಭವಾದದ್ದು ವಯಸ್ಕರ ಪತ್ರಿಕೆಯೊಂದರಲ್ಲಿ. ದೈತ್ಯರು ಮನುಷ್ಯರನ್ನು ಹಿಡಿದು ತಿನ್ನುವ ‘ಅಟ್ಯಾಕ್ ಆನ್ ಟೈಟನ್’ ಬಂದದ್ದು ಹುಡುಗರ ಪತ್ರಿಕೆಯಲ್ಲಿ. ನಿಮ್ಮ ಸಹೋದ್ಯೋಗಿಗಳಿಬ್ಬರೂ ತಾವು ಕಂಡ ಒಂದೆರಡು ಕೃತಿಗಳನ್ನೇ ಇಡೀ ಮಾಂಗಾ ಎಂದುಕೊಂಡಂತಿದೆ.

ಮಾಂಗಾವನ್ನು ಇಂಗ್ಲಿಷಿನಲ್ಲಿ ಪ್ರಕಟಿಸುವ ವಿಜ್ ಸಂಸ್ಥೆಯ ಪುಸ್ತಕಗಳ ಹಿಂಬದಿಯಲ್ಲಿ ಅಕ್ಷರ ಸಂಕೇತವಿರುತ್ತದೆ: ‘ಎ’ ಎಂದರೆ ಎಲ್ಲರಿಗೂ, ‘ಟಿ’ ಎಂದರೆ ಹದಿಹರೆಯದವರಿಗೆ, ‘ಟಿ ಪ್ಲಸ್’ ಎಂದರೆ ಇನ್ನೂ ದೊಡ್ಡ ಹುಡುಗರಿಗೆ, ‘ಎಂ’ ಎಂದರೆ 18 ದಾಟಿದವರಿಗೆ. ‘ಒನ್ ಪೀಸ್’ ಮೇಲೆ ‘ಟಿ’ ಇದೆ, ನಿಮ್ಮ ಮಗನ ವಯಸ್ಸಿಗೆ ಅದು ಸರಿಯಾಗಿಯೇ ಇದೆ.

ಯೊಕೊಹಾಮಾದ ಕನ್ನಡಿಗ ಬರೆದ ಉತ್ತರ

ಟೊಟೊರೊ, ಬುದ್ಧ ಎರಡೂ ಶ್ರೇಷ್ಠ ಕೃತಿಗಳೇ. ಆದರೆ ಅವೆರಡನ್ನು ಮುಗಿಸಿದ ಮೇಲೂ ನಿಮ್ಮ ಮಗನ ಪುಸ್ತಕ ನಿಮಗೆ ಅಪರಿಚಿತವಾಗಿಯೇ ಉಳಿದೀತು. ‘ಒನ್ ಪೀಸ್’ 1997ರ ಜುಲೈಯಿಂದ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಕಂತುಗಳಾಗಿ ಬರುತ್ತಿರುವ ಕಥೆ. ‘ಸುಧಾ’, ‘ತರಂಗ’ಗಳ ಧಾರಾವಾಹಿಗಾಗಿ ವಾರವಿಡೀ ಕಾಯುತ್ತಿದ್ದ ಮನೆಗಳಲ್ಲಿ ಬೆಳೆದವರಿಗೆ ಅದರ ರಚನೆ ಬೇಗ ಅರ್ಥವಾಗುತ್ತದೆ: ಪ್ರತಿ ವಾರ ಸುಮಾರು ಇಪ್ಪತ್ತು ಪುಟ, ಕೊನೆಯ ಪುಟದಲ್ಲಿ ಒಂದು ಎಳೆ ಬಿಗಿದು ನಿಲ್ಲಿಸುವುದು, ಹಲವು ವಾರಗಳು ಸೇರಿ ಒಂದು ಸಂಪುಟ. ನೂರಕ್ಕೂ ಮಿಕ್ಕಿದ ಸಂಪುಟಗಳನ್ನು ಒಂದೇ ಕಾದಂಬರಿಯೆಂದು ನೋಡದೆ, ಒಂದರ ಹಿಂದೊಂದು ಬರುವ ದ್ವೀಪಗಳ ಕಥೆಗಳೆಂದು ನೋಡಿದರೆ ಹೆದರಿಕೆ ಇರುವುದಿಲ್ಲ.

ನನ್ನ ಸಲಹೆ ಇಷ್ಟೇ: ಮೊದಲ 11 ಸಂಪುಟಗಳನ್ನು ಓದಿ, ಆಮೇಲೆ ಬೇಕಾದರೆ ಬಿಡಿ. ಮೊದಲ ಏಳು ಸಂಪುಟಗಳ ಗದ್ದಲ, ಹೊಡೆದಾಟ, ಬಾಯಗಲಿಸಿದ ನಗು ನಿಮಗೆ ಹಿಡಿಸದಿರಬಹುದು. ಎಂಟನೆಯದರಿಂದ ಹನ್ನೊಂದರವರೆಗೆ ನಾಮಿ ಎಂಬ ಹುಡುಗಿಯ ಊರಿನ ಕಥೆ ಬರುತ್ತದೆ, ಅದರಲ್ಲಿ ಕಿತ್ತಳೆ ತೋಟದ ನಡುವೆ ಇಬ್ಬರು ಅನಾಥ ಹೆಣ್ಣುಮಕ್ಕಳನ್ನು ಬೆಳೆಸುವ ಸಾಕುತಾಯಿಯೊಬ್ಬಳಿದ್ದಾಳೆ. ಅದಕ್ಕಿಂತ ಹೆಚ್ಚು ಹೇಳಿ ನಿಮ್ಮ ಓದನ್ನು ಕೆಡಿಸಲಾರೆ. ಈ ಕಥೆಯನ್ನು ಏಕೆ ಬಿಡಲಾಗುವುದಿಲ್ಲ ಎಂದು ಬಹಳಷ್ಟು ಓದುಗರಿಗೆ ಮನವರಿಕೆಯಾದದ್ದು ಅಲ್ಲಿಯೇ, ನನಗೂ ಅಲ್ಲಿಯೇ.

ಇದರ ಅನಿಮೆಯಿಂದ ಮಾತ್ರ ಆರಂಭಿಸಬೇಡಿ. 1999ರಲ್ಲಿ ಶುರುವಾದ ಅದರ ಕಂತುಗಳು ಸಾವಿರ ದಾಟಿವೆ. ಮಾಂಗಾಕ್ಕಿಂತ ಮುಂದೆ ಓಡಬಾರದೆಂದು ಕಥೆಯನ್ನು ಅಲ್ಲಲ್ಲಿ ಎಳೆದದ್ದೂ ಇದೆ. ಧಾರಾವಾಹಿಯನ್ನೇ ನೋಡುವ ಮನಸ್ಸಿದ್ದರೆ ಆದಿ-ಅಂತ್ಯ ಎರಡೂ ಇರುವ ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ ನೋಡಿ, 64 ಕಂತುಗಳು. ಹೊಕ್ಕೈಡೋದ ಹೈನುಗಾರರ ಮನೆಯಲ್ಲಿ ಬೆಳೆದ ಹಿರೊಮು ಅರಕಾವಾ ಎಂಬ ಲೇಖಕಿಯ ಕೃತಿ ಅದು. ಸತ್ತ ತಾಯಿಯನ್ನು ಬದುಕಿಸಲು ಹೋಗಿ ಎಲ್ಲವನ್ನೂ ಕಳೆದುಕೊಳ್ಳುವ ಅಣ್ಣ-ತಮ್ಮಂದಿರ ಕಥೆ. ಟಿವಿ ಅನಿಮೆಯಲ್ಲಿ ಎಷ್ಟೋ ಸಲ ಚಿತ್ರ ನಿಂತಲ್ಲೇ ನಿಂತು ಬಾಯಿ ಮಾತ್ರ ಆಡುವುದನ್ನು ಕಂಡು ಬೇಸರಿಸಬೇಡಿ. 1963ರ ಜನವರಿ 1ರಂದು ತೆಜುಕಾ ಅವರ ‘ಆಟಮ್’ ಎಂಬ ಟಿವಿ ಅನಿಮೆ ಪ್ರಸಾರವಾಗತೊಡಗಿದಾಗ ವಾರಕ್ಕೊಂದು ಕಂತನ್ನು ಕಡಿಮೆ ಹಣದಲ್ಲಿ ಮುಗಿಸಲು ಚಿತ್ರಗಳ ಸಂಖ್ಯೆಯನ್ನು ಇಳಿಸಬೇಕಾಯಿತು. ಆ ಅಭಾವದಿಂದಲೇ ಒಂದು ಶೈಲಿ ಬೆಳೆಯಿತು.

ಕೊನೆಯದಾಗಿ ಒಂದು ವಿನಂತಿ. ಕದ್ದು ಹಾಕುವ ಜಾಲತಾಣಗಳಿಗೆ ಹೋಗಬೇಡಿ, ಮಗನಿಗೂ ಹೇಳಿ. ಪ್ರಕಾಶಕರಾದ ಶುಯೇಶಾ ಅವರದೇ ‘ಮಾಂಗಾ ಪ್ಲಸ್’ ಎಂಬ ಆ್ಯಪ್‌ನಲ್ಲಿ ‘ಒನ್ ಪೀಸ್’ನ ಮೊದಲ ಮೂರು ಮತ್ತು ಇತ್ತೀಚಿನ ಮೂರು ಅಧ್ಯಾಯಗಳನ್ನು ಇಂಗ್ಲಿಷಿನಲ್ಲಿ ಉಚಿತವಾಗಿ ಓದಬಹುದು. ವಾರದ ಗಡುವಿಗೆ ನಿದ್ದೆಗೆಟ್ಟು ಬರೆಯುವವರ ದುಡಿಮೆ ಇದು.

ಶಿವಮೊಗ್ಗದ ಓದುಗಿ, ಮೂರು ವಾರಗಳ ನಂತರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಟೊಟೊರೊ ನೋಡಿದೆ, ಅರ್ಧದಲ್ಲಿ ಮಗನೂ ಬಂದು ಪಕ್ಕದಲ್ಲಿ ಕುಳಿತ. ‘ಬುದ್ಧ’ ಇನ್ನೂ ಕೈಸೇರಿಲ್ಲ, ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಕೊಳ್ಳುತ್ತೇನೆ. ‘ಒನ್ ಪೀಸ್’ನ ಮೊದಲ ಎಂಟು ಸಂಪುಟಗಳನ್ನು ಓದಿ ಮುಗಿಸಿದೆ. ಹೊಡೆದಾಟದ ಪುಟಗಳಲ್ಲಿ ಯಾವ ಚೌಕದ ನಂತರ ಯಾವುದು ಎಂದು ಈಗಲೂ ತಡವರಿಸುತ್ತೇನೆ, ಆಗೆಲ್ಲ ಅವನೇ ಬೆರಳಿಟ್ಟು ತೋರಿಸುತ್ತಾನೆ.

ನಿನ್ನೆ ರಾತ್ರಿ ಒಂಬತ್ತನೆಯ ಸಂಪುಟ ಕೇಳಿದೆ. ಕಪಾಟಿನಿಂದ ಅವನು ಎರಡು ಪುಸ್ತಕ ತಂದುಕೊಟ್ಟ. “ಹತ್ತನೆಯದನ್ನೂ ಪಕ್ಕದಲ್ಲಿ ಇಟ್ಟುಕೊಂಡೇ ಕೂತ್ಕೋ ಅಮ್ಮ, ಒಂಬತ್ತು ಮುಗಿದ ಕೂಡಲೇ ಬೇಕಾಗುತ್ತೆ” ಎಂದ.