ನದೀಮುಖದಲ್ಲಿ ಸೆಂಟಿನೆಲ್-2 ಕ್ಲೋರೊಫಿಲ್ ಲೆಕ್ಕ ವಿಪರೀತ ಏರುತ್ತಿದೆ, ಯಾಕೆ?

ಕಡಲಕಣ್ಣು: ಸೆಂಟಿನೆಲ್-2 ಉಪಗ್ರಹದ ಎಲ್2ಎ (ವಾತಾವರಣದ ಬೆಳಕನ್ನು ಕಳೆದು ತಿದ್ದಿದ) ಚಿತ್ರಕ್ಕೆ ನೀಲಿ-ಹಸಿರು ಅನುಪಾತದ ಸೂತ್ರ ಹಾಕಿ ಕ್ಲೋರೊಫಿಲ್ (ಪಾಚಿಯ ಹಸಿರು ವರ್ಣದ್ರವ್ಯ) ನಕ್ಷೆ ಮಾಡುತ್ತಿದ್ದೇನೆ. ನದಿ ಕಡಲು ಸೇರುವ ಕಡೆ ಪ್ರತಿ ಘನ ಮೀಟರಿಗೆ 40 ಮಿಲಿಗ್ರಾಂ ದಾಟುತ್ತದೆ. ಅದೇ ದಿನದ ನೀರಿನ ಮಾದರಿಯಲ್ಲಿ ಬಂದಿದ್ದು ಬರೀ 4. ದಡದಿಂದ ದೂರ ಹೋದರೆ ಎರಡೂ ಹೆಚ್ಚುಕಮ್ಮಿ ತಾಳೆಯಾಗುತ್ತವೆ. ತಪ್ಪು ವಾತಾವರಣ ತಿದ್ದುಪಡಿಯಲ್ಲೋ, ಸೂತ್ರದಲ್ಲೋ?

ಆಳನೀರು: ಎರಡರಲ್ಲೂ. ಕಡಲ ಮೇಲಿಂದ ಉಪಗ್ರಹಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಶೇ. 90 ಗಾಳಿಯದ್ದೇ, ನೀರಿನದು ಉಳಿದ ಚೂರು ಮಾತ್ರ. ಎಲ್2ಎ ತಯಾರಿಸುವ ಸೆನ್2ಕೋರ್ ತಂತ್ರಾಂಶ ನೆಲಕ್ಕೆಂದು ಮಾಡಿದ್ದು, ನೀರಿಗೆ ಅದನ್ನು ನಂಬಬೇಡಿ. ತಿದ್ದುಪಡಿಯಾಗದ ಎಲ್1ಸಿ ಚಿತ್ರ ಇಳಿಸಿಕೊಂಡು, ನೀರಿಗೆ ಹೊಂದುವ ತಿದ್ದುಪಡಿ ತಂತ್ರಾಂಶಗಳಾದ ಅಕೊಲೈಟ್ ಅಥವಾ ಸ್ನ್ಯಾಪ್‌ನಲ್ಲಿರುವ ಸಿ2ಆರ್‌ಸಿಸಿ ಓಡಿಸಿ. ತೆರೆದ ಕಡಲಿನ ಹಳೆಯ ವಿಧಾನಗಳನ್ನೂ ಇಲ್ಲಿ ಬಳಸಬೇಡಿ. ಅವಕೆಂಪಿನಲ್ಲಿ ನೀರು ಪೂರ್ತಿ ಕಪ್ಪು ಎಂಬ ಎಣಿಕೆ ಅವುಗಳದ್ದು. ಕೆಸರು ನೀರು ಅಲ್ಲೂ ಹೊಳೆಯುತ್ತದೆ. ಆ ಹೊಳಪನ್ನೆಲ್ಲ ಏರೋಸಾಲ್ (ಗಾಳಿಯಲ್ಲಿ ತೇಲುವ ಕಣ) ಲೆಕ್ಕಕ್ಕೆ ಹಾಕಿ ನೀಲಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕಳೆದುಬಿಡುತ್ತವೆ. 443 ನ್ಯಾನೊಮೀಟರಿನ ನೀಲಿ ಬ್ಯಾಂಡ್ ಮೈನಸ್‌ಗೆ ಇಳಿದಿದ್ದರೆ ಇದೇ ಕಾರಣ ಅಂದುಕೊಳ್ಳಿ.

2022ರ ಜನವರಿ 25ರಿಂದ ಬಂದ ಚಿತ್ರಗಳಲ್ಲಿ ಪಿಕ್ಸೆಲ್ ಅಂಕಿಯನ್ನು ಪ್ರತಿಫಲನಕ್ಕೆ ಬದಲಿಸಲು 10000ದಿಂದ ಭಾಗಿಸುವ ಮೊದಲು 1000 ಕಳೆಯಬೇಕು, ಅದನ್ನೂ ನೋಡಿಕೊಳ್ಳಿ. ಆದರೆ ದೂರದಲ್ಲಿ ತಾಳೆಯಾಗುತ್ತಿದೆ ಎಂದ ಮೇಲೆ ನಿಮ್ಮ ತೊಂದರೆ ಅದಿರಲಾರದು.

ಮೆಕ್ಕಲು: ಸೂತ್ರದ ಬಗ್ಗೆ: ನದಿ ತರುವ ಕರಗಿದ ಹಳದಿ ಸಾವಯವ ವಸ್ತುವೂ ಕ್ಲೋರೊಫಿಲ್‌ನಂತೆಯೇ ನೀಲಿ ಬೆಳಕನ್ನು ಹೀರುತ್ತದೆ. ಅನುಪಾತಕ್ಕೆ ಎರಡರ ವ್ಯತ್ಯಾಸ ತಿಳಿಯದು. 665 ಮತ್ತು 705 ನ್ಯಾನೊಮೀಟರ್, ಅಂದರೆ ಬಿ4, ಬಿ5 ಬ್ಯಾಂಡ್ ಬಳಸಿ ಎಂದು ಬಹಳ ಮಂದಿ ಹೇಳುತ್ತಾರೆ. ಪಾಚಿ ದಟ್ಟವಾಗಿದ್ದರೆ ಅದು ಸರಿ. ನಿಮ್ಮ 4ರ ಮಟ್ಟದಲ್ಲಿ 705ರಲ್ಲಿ ಕಾಣಬೇಕಾದ ಪ್ರತಿಫಲನದ ಉಬ್ಬು ಸಂಕೇತದ ಗದ್ದಲದಲ್ಲೇ ಮುಳುಗಿಹೋಗುತ್ತದೆ. ಸಿ2ಆರ್‌ಸಿಸಿಯ ಕ್ಲೋರೊಫಿಲ್ಲೇ ವಾಸಿ. ಮಾದರಿ ತೆಗೆದದ್ದು ಎಷ್ಟು ಹೊತ್ತಿಗೆ?

ಕಡಲಕಣ್ಣು: ಮಧ್ಯಾಹ್ನ 3ಕ್ಕೆ.

ಮೆಕ್ಕಲು: ಉಪಗ್ರಹ ಹಾದದ್ದು ಬೆಳಿಗ್ಗೆ ಸುಮಾರು 10:30ಕ್ಕೆ. ತೆರೆದ ಕಡಲಿಗೆ 3 ಗಂಟೆಯ ಅಂತರ ನಡೆಯುತ್ತದೆ, ನದೀಮುಖದಲ್ಲಿ ಒಂದು ಗಂಟೆಯೂ ಹೆಚ್ಚೇ. ಅಷ್ಟರೊಳಗೆ ಉಬ್ಬರವಿಳಿತ ಕೆಸರಿನ ಪಟ್ಟಿಯನ್ನೇ ಬೇರೆಡೆಗೆ ಒಯ್ದಿರುತ್ತದೆ. ಮುಂದಿನ ಸಲ ಹಾದುಹೋಗುವ ವೇಳೆಗೇ ದೋಣಿ ಅಲ್ಲಿರಲಿ. ಒಂದೇ ಪಿಕ್ಸೆಲ್ ಓದಬೇಡಿ: 3×3 ಚೌಕದ ಮಧ್ಯಾಂಕ ತೆಗೆಯಿರಿ, ಚದುರುವಿಕೆ ಸರಾಸರಿಯ ಶೇ. 15 ಮೀರಿದರೆ ಆ ಚಿತ್ರ-ಮಾದರಿ ಜೋಡಿಯನ್ನು ಬಿಟ್ಟುಬಿಡಿ. ಹಸಿರು ದಡಕ್ಕೆ ತೀರ ಅಂಟಿದ ಬಿಂದುಗಳೂ ಬೇಡ, ಗಿಡಮರಗಳ ಅವಕೆಂಪು ಬೆಳಕು ಗಾಳಿಯಲ್ಲಿ ಚದುರಿ ಪಕ್ಕದ ನೀರಿನ ಪಿಕ್ಸೆಲ್ಲಿಗೂ ಸೇರಿಕೊಳ್ಳುತ್ತದೆ.