ಅಪ್‌ಡೇಟ್: ಒಂಟಿ ಆಟಗಾರನ ಸೇಡಿನ ಕ್ಯಾಂಪೇನ್ ದಾರಿಗೆ ಬಂತು

ದಾಳ, ಕಾರ್ಡ್ ಇಟ್ಟುಕೊಂಡು ಒಬ್ಬರೇ ಕಥೆ ಕಟ್ಟುತ್ತಾ ಆಡುವ ಟೇಬಲ್‌ಟಾಪ್ ಆಟದ ಕ್ಯಾಂಪೇನ್‌ನಲ್ಲಿ (ಅಧ್ಯಾಯಗಳಾಗಿ ಮುಂದುವರಿಯುವ ಕಥೆ) ಮಾಫಿಯಾ ಮೇಲೆ ಸೇಡಿಗೆ ಹೊರಟ ನಾಯಕ ಒಂದೋ ಮೊದಲ ಕಾಳಗದಲ್ಲೇ ಸಾಯುತ್ತಾನೆ, ಇಲ್ಲವೇ ನೇರ ಬಾಸ್‌ನನ್ನೇ ಮುಗಿಸುತ್ತಾನೆ, ಏನು ಮಾಡೋದು ಅಂತ ಕೇಳಿದ್ದೆನಲ್ಲ?

ಕೈ ಹಿಡಿದದ್ದು ಗ್ಯಾಂಗನ್ನು ಪಿರಮಿಡ್‌ನಂತೆ ಹಂತ ಹಂತವಾಗಿ ಜೋಡಿಸುವ ಸಲಹೆ. ಕೆಳಗೆ 4 ಬೀದಿ ಗುಂಪು. ಅದರ ಮೇಲೆ ಕಪ್ಪುಹಣ ಬಿಳಿ ಮಾಡುವವನು, ಸರಕು ಸಾಗಿಸುವವನು, ಲಂಚಕೋರ ಪೊಲೀಸ್. ಆಮೇಲೆ 2 ಬಲಗೈ ಬಂಟರು, ತುದಿಯಲ್ಲಿ ಬಾಸ್. ತಲಾ ಒಂದು ಕಾರ್ಡ್, ಪ್ರತಿ ಕಾರ್ಡಿನಲ್ಲೂ ಮೇಲಿನ ಹಂತಕ್ಕೆ 3 ಸುಳಿವು. ಒಂದೇ ಸುಳಿವಿದ್ದರೆ ದಾಳ ಕೈಕೊಟ್ಟ ಕೂಡಲೇ ಕಥೆ ನಿಂತುಬಿಡುತ್ತದೆ.

ಜೊತೆಗೆ 8 ಮನೆಗಳ ‘ಗ್ಯಾಂಗ್ ಎಚ್ಚರ’ದ ಪಟ್ಟಿ. ಗುಂಡು ಹಾರಿದರೆ 1 ಮನೆ ಏರುತ್ತದೆ, ಹೆಣ ಸಿಕ್ಕರೆ 2. ನಾಲ್ಕಕ್ಕೆ ಕಾವಲು ದುಪ್ಪಟ್ಟು, ಎಂಟಕ್ಕೆ ನಾಯಕನ ಆಪ್ತರ ಮೇಲೆ ದಾಳಿ. ಒಂದು ವಾರ ತಲೆಮರೆಸಿಕೊಂಡರೆ 1 ಮನೆ ಇಳಿಯುತ್ತದೆ, ಆದರೆ ಒಂದು ಸುಳಿವು ಅಳಿಸಿಹೋಗಬೇಕು. ಈ ಸುಳಿವು ಅಳಿಸುವ ನಿಯಮವನ್ನು ಮಾತ್ರ ಬಿಡಬೇಡಿ. ಇಲ್ಲದಿದ್ದರೆ ಅಡಗಿ ಕೂರುವುದೇ ಲಾಭ.

ನಾಯಕನ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಲ್ಲ ಎಂಬ ಅಂಕ) ಇಮ್ಮಡಿ ಮಾಡಿದ್ದು ಫಲಿಸಲಿಲ್ಲ, ಭಯವೇ ಹೋಯಿತು. ಅದರ ಬದಲು ಸೋತರೆ ಸಾವಲ್ಲ, ಸೆರೆ ಅಂತ ಮಾಡಿದೆ. ತಪ್ಪಿಸಿಕೊಳ್ಳುವುದೇ ಮುಂದಿನ ಅಧ್ಯಾಯ.

ನಿರೀಕ್ಷಿಸದಿದ್ದ ಸಂಗತಿ: ಕಪ್ಪುಹಣ ಬಿಳಿ ಮಾಡುವವನನ್ನು ಮೊದಲು ಉರುಳಿಸಿದರೆ ಸಂಬಳವಿಲ್ಲದ ಬೀದಿ ಗುಂಪುಗಳು ತಾವಾಗಿಯೇ ಒಡೆಯುತ್ತವೆ, ಗುಂಡು ಹಾರಿಸದೆಯೇ ಮಾಹಿತಿದಾರರು ಸಿಗುತ್ತಾರೆ.