ಪಾಸ್‌ವರ್ಡ್ 'ಕಮಲ', ಆದರೆ 'ಸರಳ' ಅಂತ ಹೊಡೆದರೂ ಲಾಗಿನ್ ಆಗುತ್ತಿದೆ

ಮಂಡಿಲೆಕ್ಕ:

ಎಲ್ಲರಿಗೂ ನಮಸ್ಕಾರ. ತಿಪಟೂರಿನ ಒಂದು ಕೊಬ್ಬರಿ ಮಂಡಿಯ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ ಈಚೆಗೆ ನನ್ನ ಕೈಗೆ ಬಂದಿದೆ. ಬರೆದವರು ಈಗ ಫೋನಿಗೂ ಸಿಗುವುದಿಲ್ಲ. ಪ್ರೋಗ್ರಾಂ ಸಿ ಶಾರ್ಪ್ ವಿನ್‌ಫಾರ್ಮ್ಸ್‌ನಲ್ಲಿದೆ, ಅದರ ಹಿಂದಿನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್. ಡೇಟಾಬೇಸ್ ಸಾಹುಕಾರರ ರೂಮಿನ ಕಂಪ್ಯೂಟರ್‌ನಲ್ಲಿದೆ. ಗುಮಾಸ್ತರ ಹತ್ತಿರ ಇನ್ನೂ ಮೂರು ಕಂಪ್ಯೂಟರ್ ಇವೆ.

ಲಾಗಿನ್ ಫಾರ್ಮ್‌ನಲ್ಲಿ ನೌಕರರ ನಂಬರ್, ಪಾಸ್‌ವರ್ಡ್ ಎರಡೇ ಬಾಕ್ಸ್. ಪಾಸ್‌ವರ್ಡನ್ನು ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡದಲ್ಲೇ ಹೊಡೆಯುತ್ತಾರೆ. 12ನೇ ನಂಬರಿನವರ ಪಾಸ್‌ವರ್ಡ್ 'ಕಮಲ' ಅಂತಿದೆ (ಬೇಗನೇ ಬದಲಾಯಿಸುತ್ತೇವೆ, ಯಾರೂ ಖುಷಿಪಡಬೇಡಿ). 'ಸರಳ' ಅಂತ ಹೊಡೆದರೂ ಒಳಗೆ ಬಿಡುತ್ತದೆ. 'ಗಣಪ' ಅಂದರೂ ಬಿಡುತ್ತದೆ. ಮೂರಕ್ಷರದ ಮಹಿಮೆ ಅಂದುಕೊಂಡರೆ 'ಉಮಾ' ಎರಡೇ ಅಕ್ಷರ, ಅದಕ್ಕೂ ಬಿಡುತ್ತದೆ. ಆದರೆ 'ಅಮ್ಮ'ಕ್ಕೆ ಬಿಡುವುದಿಲ್ಲ! ಇಂಗ್ಲಿಷ್ ಅಕ್ಷರ ಯಾವುದು ಹಾಕಿದರೂ ಬಿಡುವುದಿಲ್ಲ.

ಕೋಡ್‌ನಲ್ಲಿ ವಿಶೇಷ ಏನೂ ಇಲ್ಲ. ಡೇಟಾಬೇಸ್‌ನಿಂದ ಸಾಲು ಕೇಳುವ ಸೆಲೆಕ್ಟ್ ಕ್ವೆರಿಗೆ ಎರಡೂ ಬಾಕ್ಸಿನ ಪಠ್ಯವನ್ನು ಸಿಂಗಲ್ ಕೋಟ್ ಒಳಗಿಟ್ಟು ಪ್ಲಸ್ ಹಾಕಿ ಜೋಡಿಸಿದ್ದಾರೆ. ಸಾಲು ಸಿಕ್ಕರೆ ಲಾಗಿನ್, ಇಲ್ಲದಿದ್ದರೆ ಇಲ್ಲ. ಎಲ್ಲಿ ತಪ್ಪುತ್ತಿದೆ?

ಕೋಡುಬಳೆ:

ಪಾಸ್‌ವರ್ಡನ್ನು ಹಾಗೇ ಯಾಕೆ ಇಟ್ಟಿದ್ದೀರಿ? ಎಂಡಿ5 ಹ್ಯಾಶ್ ಮಾಡಿ (ವಾಪಸ್ ಬಿಡಿಸಲಾಗದ ಗುರುತಾಗಿ ಬದಲಿಸಿ) ಇಡಿ, ಎಲ್ಲ ಸರಿಹೋಗುತ್ತದೆ. ನೆಟ್‌ನಲ್ಲಿ ಹತ್ತು ಸಾಲಿನ ಕೋಡ್ ಸಿಗುತ್ತದೆ.

ಹಳೇಬೇರು:

ಮಂಡಿಲೆಕ್ಕ ಅವರೇ, ಒಂದು ಕೆಲಸ ಮಾಡಿ. 12 ಹಾಕಿ, ಪಾಸ್‌ವರ್ಡ್ ಜಾಗದಲ್ಲಿ ಸುಮ್ನೆ ಮೂರು ಪ್ರಶ್ನಾರ್ಥಕ ಚಿಹ್ನೆ ಹೊಡೆಯಿರಿ. ಒಳಗೆ ಹೋದಿರಾ? ಈಗ ಟೇಬಲ್ ತೆರೆದು ಆ ಸಾಲು ನೋಡಿ. ಅಲ್ಲಿ 'ಕಮಲ' ಇರುವುದಿಲ್ಲ. ??? ಇರುತ್ತದೆ.

ನಿಮ್ಮ ಕಾಲಂ ವಾರ್‌ಚಾರ್ ಆಗಿರಬೇಕು. ಅದು ಕೋಡ್‌ಪೇಜ್, ಅಂದರೆ ಸೀಮಿತ ಅಕ್ಷರಗಳ ಪಟ್ಟಿಯೊಂದನ್ನು ನಂಬಿಕೊಂಡ ಕಾಲಂ. ಆ ಕೋಡ್‌ಪೇಜ್‌ನಲ್ಲಿ ಕನ್ನಡಕ್ಕೆ ಜಾಗ ಇಲ್ಲ, ಹಾಗಾಗಿ ಗೊತ್ತಿಲ್ಲದ ಪ್ರತಿ ಸಂಕೇತಕ್ಕೂ ಒಂದು ? ಬೀಳುತ್ತದೆ. ಪ್ಲಸ್ ಹಾಕಿ ಜೋಡಿಸಿದ ಕ್ವೆರಿಯಲ್ಲಿ ಕೋಟ್ ಮುಂದೆ ಎನ್ ಅಕ್ಷರ (ಇದು ಯೂನಿಕೋಡ್, ಅಂದರೆ ಎಲ್ಲ ಲಿಪಿಗಳ ಪಟ್ಟಿಯ ಪಠ್ಯ ಅನ್ನುವ ಗುರುತು) ಇಲ್ಲದಿದ್ದರೆ ನೀವು ಹೊಡೆದ ಪದಕ್ಕೂ ಅದೇ ಗತಿ. ಆ ಕಡೆ ???, ಈ ಕಡೆಯೂ ???. ಸರಿಹೊಂದಿತು, ಬಾಗಿಲು ತೆರೆಯಿತು.

'ಉಮಾ' ಗುಟ್ಟೂ ಇಷ್ಟೇ. ನಾವು ಎರಡಕ್ಷರ ಅಂತೀವಿ. ಯೂನಿಕೋಡ್‌ಗೆ ಉ, ಮ, ಆಮೇಲೆ ದೀರ್ಘದ ಚಿಹ್ನೆ, ಒಟ್ಟು ಮೂರು. 'ಅಮ್ಮ' ಅಂದರೆ ಅ, ಮ, ಅರ್ಧಾಕ್ಷರದ ಚಿಹ್ನೆ, ಮತ್ತೆ ಮ. ನಾಲ್ಕಾಯಿತು, ಅದಕ್ಕೇ ಬಿಡಲಿಲ್ಲ.

ಕಾಲಮನ್ನು ಯೂನಿಕೋಡ್ ಹಿಡಿಯುವ ಎನ್‌ವಾರ್‌ಚಾರ್ ಮಾಡಿದ ಕೂಡಲೇ ಹಳೇದು ವಾಪಸ್ ಬರುವುದಿಲ್ಲ. ??? ಹಾಗೇ ಉಳಿಯುತ್ತದೆ, ಒಳಗಿದ್ದ ಪದ ಯಾವತ್ತೋ ಹೋಗಿದೆ. ಕನ್ನಡ ಪಾಸ್‌ವರ್ಡ್ ಇದ್ದವರೆಲ್ಲ ಹೊಸದು ಇಟ್ಟುಕೊಳ್ಳಲೇಬೇಕು. ಹೇಗೂ ಹೊಸದು ಇಡಿಸುತ್ತೀರಿ, ಪಾಸ್‌ವರ್ಡ್ ಕಾಲಮನ್ನೇ ಕಿತ್ತುಹಾಕಿ. ಆ ಜಾಗಕ್ಕೆ ಎರಡು ವಾರ್‌ಬೈನರಿ (ಬರೀ ಬೈಟ್ ಇಡುವ) ಕಾಲಂ ತನ್ನಿ, ಒಂದು ಹ್ಯಾಶ್‌ಗೆ, ಇನ್ನೊಂದು ಸಾಲ್ಟ್‌ಗೆ, ಅಂದರೆ ಹ್ಯಾಶ್ ಮಾಡುವಾಗ ಬೆರೆಸುವ ಯಾದೃಚ್ಛಿಕ ಬೈಟ್‌ಗಳಿಗೆ. ಪ್ರತಿಯೊಬ್ಬರಿಗೂ ಬೇರೆ ಸಾಲ್ಟ್, 16 ಬೈಟ್ ಸಾಕು. ಬೇಕೆಂದೇ ನಿಧಾನವಾಗಿ ಹ್ಯಾಶ್ ಮಾಡುವ ಪಿಬಿಕೆಡಿಎಫ್2 ಡಾಟ್‌ನೆಟ್‌ನಲ್ಲೇ ಇದೆ, ಹೊರಗಿನಿಂದ ಏನೂ ತರಬೇಕಿಲ್ಲ. ಶಾ-256 ಹ್ಯಾಶ್ ಜೊತೆ 6 ಲಕ್ಷ ಸುತ್ತು ಅಂತ ಸಾಫ್ಟ್‌ವೇರ್ ಭದ್ರತೆಯ ಸಂಸ್ಥೆ ಓವಾಸ್ಪ್‌ನವರ ಶಿಫಾರಸು. ಸುತ್ತಿನ ಸಂಖ್ಯೆ, ಹ್ಯಾಶ್‌ನ ಹೆಸರು ಎರಡನ್ನೂ ನೀವೇ ಬರೆದು ಕೊಡಿ. ಹಳೇ ಕನ್‌ಸ್ಟ್ರಕ್ಟರ್‌ಗೆ ಏನೂ ಹೇಳದಿದ್ದರೆ ಶಾ-1, ಬರೀ 1000 ಸುತ್ತು ಹಾಕಿ ಕೈತೊಳೆದುಕೊಳ್ಳುತ್ತದೆ.

ಕೋಡುಬಳೆ ಅವರೇ, ಎಂಡಿ5 ಮಾತು ಬೇಡ. ಅದು ಎಷ್ಟು ವೇಗ ಅಂದರೆ ಊಹೆ ಮಾಡುತ್ತಾ ಕೂತವನಿಗೇ ಅನುಕೂಲ. ಅದೂ ಅಲ್ಲದೆ ನೀವು ಹೇಳುವ ಆ ಹತ್ತು ಸಾಲಿನಲ್ಲಿ ಪಠ್ಯವನ್ನು ಬೈಟ್ ಮಾಡಲು ಎಷ್ಟೋ ಕಡೆ ಇಂಗ್ಲಿಷ್ ಅಕ್ಷರಗಳಿಗಷ್ಟೇ ಆಗುವ ಆಸ್ಕಿ ಎನ್‌ಕೋಡಿಂಗ್ ಹಾಕಿರುತ್ತಾರೆ. ಅದೂ ಕನ್ನಡವನ್ನು ? ಮಾಡುತ್ತದೆ! ಆಗ 'ಕಮಲ', 'ಸರಳ' ಎರಡರ ಹ್ಯಾಶೂ ಒಂದೇ. ಟೇಬಲ್‌ನಲ್ಲಿ ??? ಕೂಡ ಕಾಣುವುದಿಲ್ಲ, ಹುಡುಕಿ ಸಾಯಬೇಕು. ಎಲ್ಲ ಲಿಪಿಗೂ ಆಗುವ ಯುಟಿಎಫ್-8 ಹಾಕಿ.

ಅದಕ್ಕೂ ಮೊದಲು ಪಠ್ಯದ ಮೇಲೆ ನಾರ್ಮಲೈಸ್ (ಒಂದೇ ಅಕ್ಷರದ ಬೇರೆ ಬೇರೆ ಬರಹವನ್ನು ಒಂದೇ ರೂಪಕ್ಕೆ ತರುವ ಫಂಕ್ಷನ್) ಕರೆಯಿರಿ. 'ಕೊಬ್ಬರಿ'ಯ 'ಕೊ' ಇದೆಯಲ್ಲ, ಅದರ ಒತ್ವ ಒಂದೇ ಸಂಕೇತವಾಗಿಯೂ ಬರಬಹುದು, ಎತ್ವ ಮತ್ತು ಊತ್ವ ಸೇರಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ, ಹ್ಯಾಶ್‌ಗೆ ಎರಡೂ ಬೇರೆ. ಪಾಸ್‌ವರ್ಡ್ ಬಾಕ್ಸ್‌ನಲ್ಲಿ ಬರೀ ಚುಕ್ಕೆ ಕಾಣುವುದರಿಂದ ಗುಮಾಸ್ತರಿಗೆ ತಲೆಬುಡ ತಿಳಿಯುವುದಿಲ್ಲ.

ಇನ್ನು ಆ ಪ್ಲಸ್. ನಂಬರ್ ಜಾಗದಲ್ಲಿ 12 ಹೊಡೆದು, ಪಕ್ಕದಲ್ಲಿ ಒಂದು ಸಿಂಗಲ್ ಕೋಟ್, ಎರಡು ಹೈಫನ್ ಹಾಕಿ ನೋಡಿ. ಮುಂದಿನದೆಲ್ಲ ಕಾಮೆಂಟ್ ಆಗಿ, ಪಾಸ್‌ವರ್ಡೇ ಇಲ್ಲದೆ ಒಳಗೆ ಹೋಗುತ್ತೀರಿ. ಹೊಡೆದ ಪಠ್ಯವನ್ನು ಕ್ವೆರಿಗೆ ಅಂಟಿಸದೆ ಬೇರೆಯಾಗಿ ಕಳಿಸುವ ಪ್ಯಾರಾಮೀಟರ್ ಬಳಸಿ, ನಂಬರಿಗೆ ಇಂಟ್ (ಪೂರ್ಣಾಂಕ) ಅಂತ ಟೈಪ್ ಹೇಳಿ. ಕೋಟ್ ಬಂದರೆ ಕಿತ್ತುಹಾಕುವ ರಿಪ್ಲೇಸ್ ಕಸರತ್ತು ದಯವಿಟ್ಟು ಬೇಡ.

ಮಂಡಿಲೆಕ್ಕ:

ಸರ್, ??? ಹೊಡೆದೆ, ಹೋಯಿತು! ಟೇಬಲ್ ತೆರೆದರೆ ಕಾಲಂ ತುಂಬಾ ಪ್ರಶ್ನೆ ಚಿಹ್ನೆಗಳೇ. ಸಾಹುಕಾರರನ್ನು ಕರೆದು ತೋರಿಸಿದೆ, "ಇದೇನು ಎಲ್ಲ ಡೌಟೇ ಇದೆಯಲ್ಲ" ಅಂದರು. ಪ್ಯಾರಾಮೀಟರ್, ಪಿಬಿಕೆಡಿಎಫ್2 ಎರಡೂ ಶುರು ಮಾಡಿದ್ದೇನೆ. ಪಿಬಿಕೆಡಿಎಫ್2 ಬದಲು ಬಿಕ್ರಿಪ್ಟ್ ಹಾಕಿದರೆ ತೊಂದರೆ ಇದೆಯಾ?

ರಾತ್ರಿಪಾಳಿ:

ಬಿಕ್ರಿಪ್ಟ್ ಕೆಟ್ಟದ್ದಲ್ಲ, 1999ರಿಂದ ನಿಂತಿದೆ. ಆದರೆ ಅದು 72 ಬೈಟ್‌ವರೆಗೆ ಮಾತ್ರ ನೋಡುತ್ತದೆ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಅಂದರೆ 24 ಸಂಕೇತಕ್ಕೇ ಮುಗಿಯಿತು. ಉದ್ದದ ಗಾದೆಯನ್ನೇ ಪಾಸ್‌ವರ್ಡ್ ಮಾಡಿಕೊಂಡರೆ ಬಾಲ ಲೆಕ್ಕಕ್ಕಿಲ್ಲ. ಹೊಸದಾಗಿ ಬರೆಯುವವರು ಆರ್ಗಾನ್2 ನೋಡಬಹುದು. 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದಿದ್ದು ಅದೇ. ನಿಮಗೆ ಪಿಬಿಕೆಡಿಎಫ್2 ಸಾಕು.

ಹಳೇಬೇರು:

ಒಂದು ಕೇಳೋದು ಮರೆಯಬಾರದು. ಗುಮಾಸ್ತರ ಕಂಪ್ಯೂಟರ್‌ನಲ್ಲಿ ಪ್ರೋಗ್ರಾಂ ಇರುವ ಫೋಲ್ಡರ್ ತೆರೆದು, ಕಾನ್ಫಿಗ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ನೋಡಿ. ಡೇಟಾಬೇಸ್‌ಗೆ ಹೋಗುವ ವಿವರ ಇರುವ ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಏನಿದೆ?

ಮಂಡಿಲೆಕ್ಕ:

ಎಸ್‌ಎ ಅಕೌಂಟ್, ಎಲ್ಲ ಹಕ್ಕೂ ಇರುವ ಅಡ್ಮಿನ್. ಪಾಸ್‌ವರ್ಡ್ ಪಕ್ಕದಲ್ಲೇ ಇದೆ, ಮಂಡಿಯ ಹೆಸರು ಮತ್ತು 123. 😬

ಹಳೇಬೇರು:

ಗಲ್ಲಾಪೆಟ್ಟಿಗೆಗೆ ಬೀಗ ಜಡಿದು ಕೀಲಿಯನ್ನು ಅದರ ಮೇಲೇ ಇಟ್ಟ ಹಾಗಾಯಿತು. ಯಾವ ಗುಮಾಸ್ತರೂ ಮ್ಯಾನೇಜ್‌ಮೆಂಟ್ ಸ್ಟುಡಿಯೋ ಹಾಕಿಕೊಂಡು ನೇರವಾಗಿ ಡೇಟಾಬೇಸ್‌ಗೆ ಹೋಗಬಹುದು. ರೈತರ ಖಾತೆಯ ಬಾಕಿಯನ್ನೇ ತಿದ್ದಬಹುದು. ನಿಮ್ಮ ಲಾಗಿನ್ ಫಾರ್ಮ್ ಅವರಿಗೆ ಅಡ್ಡವೇ ಬರುವುದಿಲ್ಲ. ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆಯುವವರು ಜಾಸ್ತಿ ಮರೆಯುವುದು ಇದನ್ನೇ. ಸ್ಟ್ರಿಂಗನ್ನು ಕೋಡ್ ಒಳಗೆ ಮುಚ್ಚಿಟ್ಟರೂ ಪ್ರೋಗ್ರಾಂ ಬಿಚ್ಚಿ ತೋರಿಸುವ ಐಎಲ್‌ಸ್ಪೈ ಹಾಕಿದರೆ ಓದಬಹುದು.

ಎಸ್‌ಎ ಪಾಸ್‌ವರ್ಡ್ ಇವತ್ತೇ ಬದಲಿಸಿ. ಪ್ರೋಗ್ರಾಂಗೆ ಬೇರೆ ಅಕೌಂಟ್ ಮಾಡಿ, ಅದಕ್ಕೆ ಟೇಬಲ್‌ಗಳ ಮೇಲೆ ಯಾವ ಹಕ್ಕೂ ಬೇಡ. ಡೇಟಾಬೇಸ್‌ನಲ್ಲೇ ಬರೆದಿಟ್ಟ, ಬೇಕಾದ ಸ್ಟೋರ್ಡ್ ಪ್ರೊಸೀಜರ್‌ಗಳಿಗೆ ಎಕ್ಸಿಕ್ಯೂಟ್ ಹಕ್ಕು ಮಾತ್ರ ಕೊಡಿ.

ಮಂಡಿಲೆಕ್ಕ:

ವಿಂಡೋಸ್ ಲಾಗಿನ್ ಮೂಲಕವೇ ಮಾಡಿದರೆ? ಡೊಮೈನ್ (ಎಲ್ಲ ಅಕೌಂಟ್‌ಗೂ ಒಂದೇ ಕೇಂದ್ರ) ಇಲ್ಲ, ವರ್ಕ್‌ಗ್ರೂಪ್ ಅಷ್ಟೇ.

ಹಳೇಬೇರು:

ಆಗುತ್ತದೆ. ಗುಮಾಸ್ತರ ಕಂಪ್ಯೂಟರ್‌ನಲ್ಲಿರುವ ಹೆಸರು, ಪಾಸ್‌ವರ್ಡ್ ಎರಡೂ ಹಾಗೇ ಸಾಹುಕಾರರ ಕಂಪ್ಯೂಟರ್‌ನಲ್ಲೂ ಇರಬೇಕು. ಒಂದು ಕಡೆ ಬದಲಿಸಿದರೆ ಇನ್ನೊಂದು ಕಡೆಯೂ ಬದಲಿಸಬೇಕು, ಅದೊಂದು ತಲೆನೋವು. ಮೂರೇ ಕಂಪ್ಯೂಟರ್ ಅಲ್ವಾ, ನಿಭಾಯಿಸಬಹುದು. ಮುಂದೆ ಪುರುಸೊತ್ತಾದಾಗ ಸಾಹುಕಾರರ ಕಂಪ್ಯೂಟರ್‌ನಲ್ಲಿ ಒಂದು ಚಿಕ್ಕ ವೆಬ್ ಸರ್ವಿಸ್ ಕೂರಿಸಿ. ಫಾರ್ಮ್ ಅದರ ಜೊತೆ ಮಾತ್ರ ಮಾತಾಡಲಿ. ಹ್ಯಾಶ್ ಹೋಲಿಸುವುದು, ಐದು ಸಲ ತಪ್ಪಿದರೆ ಸ್ವಲ್ಪ ಹೊತ್ತು ತಡೆಹಿಡಿಯುವುದು ಎಲ್ಲ ಅಲ್ಲೇ ನಡೆಯಲಿ. ಆಗ ಕನೆಕ್ಷನ್ ಸ್ಟ್ರಿಂಗ್ ಗುಮಾಸ್ತರ ಕಡೆ ಇರುವುದೇ ಇಲ್ಲ.

ಹಾಂ, ಬ್ಯಾಕಪ್ ಎಲ್ಲಿ ತೆಗೆದಿಡುತ್ತೀರಿ? ಇಂಗ್ಲಿಷ್‌ನಲ್ಲಿ ಪಾಸ್‌ವರ್ಡ್ ಇಟ್ಟವರದ್ದು ಹಳೇ ಬ್ಯಾಕಪ್‌ಗಳಲ್ಲಿ ಹಾಗೇ ಓದಲು ಸಿಗುತ್ತದೆ. ಅವರಿಗೂ ಹೊಸದು ಇಡಿಸಿ.

ಮಂಡಿಲೆಕ್ಕ:

ಪೆನ್‌ಡ್ರೈವ್‌ನಲ್ಲಿ, ಸರ್. ಅದು ಯಾರ ಹತ್ತಿರ ಇದೆ ಅಂತ ಈಗ ಕೇಳುತ್ತಿದ್ದೇನೆ.